ಜರ್ಮನಿಯಲ್ಲೇ ವಾಸ ಇರೋರಿಗೆ ಇಂಟರ್‌ರೈಲ್ ಪಾಸ್ ಜರ್ಮನಿಯೊಳಗೆ ನಡೆಯುತ್ತಾ?

ತುಂಗಾತೀರ:
ವಾಸ ಕೋಲ್ನ್‌ನಲ್ಲಿ, ಪಾಸ್‌ಪೋರ್ಟ್ ಭಾರತದ್ದು, ಕೈಯಲ್ಲಿ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕಾರ್ಡ್. ಜೂನ್‌ನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಬರ್ತಾರೆ, ಇಬ್ರಿಗೂ 60 ದಾಟಿದೆ. ಸುತ್ತಾಟದ ನಕ್ಷೆ ಹೀಗಿದೆ: ಕೋಲ್ನ್‌ನಿಂದ ಪ್ಯಾರಿಸ್, ಪ್ಯಾರಿಸ್‌ನಿಂದ ಜರ್ಮನಿ ಹಾದು ಪ್ರಾಗ್, ಪ್ರಾಗ್‌ನಿಂದ ವಿಯೆನ್ನಾ, ವಿಯೆನ್ನಾದಿಂದ ವಾಪಸ್ ಕೋಲ್ನ್. ಒಂದು ತಿಂಗಳೊಳಗೆ 7 ದಿನ ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡೋ ಇಂಟರ್‌ರೈಲ್ ಗ್ಲೋಬಲ್ ಪಾಸ್ ತಗೊಳ್ಳೋಣ ಅಂತ.

ಸ್ವಂತ ದೇಶದಲ್ಲಿ ಪಾಸ್ ನಡೆಯಲ್ಲ ಅಂತ ಕೆಲವರು, ಎರಡು ಸಲ ನಡೆಯುತ್ತೆ ಅಂತ ಕೆಲವರು. ಯಾವುದು ಸರಿ? ಪಾಸ್‌ಪೋರ್ಟ್ ಭಾರತದ್ದೇ ಆದ್ದರಿಂದ ಸ್ವಂತ ದೇಶ ಭಾರತ ಅಂತ ಹಾಕಿಬಿಟ್ರೆ ಈ ತಲೆನೋವೇ ಇರಲ್ಲ ಅಲ್ವಾ?

ಬೆಣ್ಣೆದೋಸೆ:
ಭಾರತ ಅಂತ ಹಾಕಿ ಆರಾಮಾಗಿ ಓಡಾಡಿ ಗುರು, ಯಾರು ನೋಡ್ತಾರೆ.

ಹಳಿಮೇಲೆ:
ಬೆಣ್ಣೆದೋಸೆ, ದಯವಿಟ್ಟು ಬೇಡ. ನೋಡೋರು ನೋಡ್ತಾರೆ.

ಇಲ್ಲಿ ಲೆಕ್ಕಕ್ಕೆ ಬರೋದು ಪಾಸ್‌ಪೋರ್ಟ್ ಬಣ್ಣ ಅಲ್ಲ, ವಾಸ. ಯೂರೋಪಿನಲ್ಲಿ ಕಾನೂನುಬದ್ಧವಾಗಿ ವಾಸ ಇರೋರಿಗೆ ಇಂಟರ್‌ರೈಲ್, ಹೊರಗಿಂದ ಬರೋರಿಗೆ ಯುರೇಲ್. ಎರಡನ್ನೂ ಮಾರೋದು ಒಂದೇ ಸಂಸ್ಥೆ, ರೈಲುಗಳೂ ಅವೇ, 33 ದೇಶಗಳೂ ಅವೇ, ಬೆಲೆಯಲ್ಲೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ನೀವು ಕೇಳಿದ ವಿಷಯದಲ್ಲೇ. ಯುರೇಲ್‌ಗೆ ಸ್ವಂತ ದೇಶ ಅನ್ನೋ ಕಟ್ಟುಪಾಡಿಲ್ಲ, ಇಂಟರ್‌ರೈಲ್‌ಗೆ ಇದೆ.

ಜರ್ಮನಿಯ ಕಾರ್ಡ್ ಇಟ್ಕೊಂಡು ಯುರೇಲ್ ತಗೊಂಡ್ರೆ ಅದು ನಿಮ್ಮ ಹೆಸರಲ್ಲಿ ಸಲ್ಲದ ಪಾಸ್. ಟಿಟಿ ಪಾಸ್‌ಪೋರ್ಟ್ ಕೇಳ್ತಾನೆ, ವೀಸಾ ಪುಟ ತಿರುವಿದ್ರೆ ಟೂರಿಸ್ಟ್ ವೀಸಾ ಇಲ್ಲ. ಆಮೇಲೆ ಪೂರ್ತಿ ಟಿಕೆಟ್ ದರ, ಮೇಲೆ ದಂಡ.

ನಿಮಗೆ ಸಿಗೋದು ಇಷ್ಟು. ಗ್ಲೋಬಲ್ ಪಾಸ್‌ನಲ್ಲಿ ವಾಸದ ದೇಶದೊಳಗೆ ಒಂದು ಔಟ್‌ಬೌಂಡ್, ಒಂದು ಇನ್‌ಬೌಂಡ್. ಔಟ್‌ಬೌಂಡ್ ಅಂದ್ರೆ ದೇಶದ ಯಾವುದೇ ಊರಿಂದ ಗಡಿಗೆ, ವಿಮಾನ ನಿಲ್ದಾಣಕ್ಕೆ ಅಥವಾ ಬಂದರಿಗೆ. ಇನ್‌ಬೌಂಡ್ ಅದರ ಉಲ್ಟಾ. ಒಂದು ದಿನದೊಳಗೆ ಮುಗಿಯೋ ಹಾಗಿದ್ರೆ ಎಷ್ಟು ರೈಲು ಬದಲಾಯಿಸಿದ್ರೂ ಒಂದೇ. ಎರಡೂ ನಿಮ್ಮ 7 ದಿನದಲ್ಲೇ ಕಳೆಯುತ್ತೆ, ಅದರ ಮೇಲೆ ಪುಕ್ಕಟೆ ಕೊಟ್ಟಿದ್ದಲ್ಲ. ಇದನ್ನ ಬಹಳ ಜನ ತಪ್ಪು ತಿಳ್ಕೊಂಡಿದ್ದಾರೆ.

ಹುಬ್ಬಳ್ಳಿ ಮಂದಿ:
ಖರೆ ಐತ್ರಿ. ಇನ್ನೊಂದು ಹೇಳೂದು ಬಿಟ್ರಿ. ಒಂದೇ ದೇಶದ ಪಾಸ್ ಅಂತ ಬರ್ತೈತಲ್ಲ, ಒನ್ ಕಂಟ್ರಿ ಪಾಸ್, ಅದನ್ನ ವಾಸದ ದೇಶಕ್ಕ ತಗೊಳ್ಳಾಕ ಬರೂದಿಲ್ಲ. ಜರ್ಮನಿಯಾಗ ಇರಾವ್ರು ಜರ್ಮನಿ ಪಾಸ್ ತಗೋತೀನಿ ಅಂದ್ರ ಇಲ್ಲ. ಆಸ್ಟ್ರಿಯಾ ಪಾಸ್ ತಗೊಂಡ್ರ ಅದು ಆಸ್ಟ್ರಿಯಾ ಗಡಿಯಿಂದನ ಶುರು. ಗಡಿ ತನಕ ನಿಮ್ಮ ರೊಕ್ಕ.

ಟೈಮ್‌ಟೇಬಲ್ ತಾತ:
ಈ ಎರಡು ಪ್ರಯಾಣ ಸಿಕ್ಕಿರೋದೇ 2016ರಿಂದ. 1972ರಲ್ಲಿ ಇಂಟರ್‌ರೈಲ್ ಶುರುವಾದಾಗ 21 ವಯಸ್ಸಿನ ಒಳಗಿನವರಿಗೆ, 21 ದೇಶಗಳಿಗೆ. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟಕ್ಕೆ 50 ತುಂಬಿತು ಅಂತ ತಂದ ಪಾಸ್ ಅದು. ಆಗ ಸ್ವಂತ ದೇಶದಲ್ಲಿ ಅರ್ಧ ದರ ಕೊಟ್ಟು ಗಡಿ ತನಕ ಹೋಗಬೇಕಿತ್ತು. ಯುರೇಲ್ ಇನ್ನೂ ಹಳೇದು, 1959. ಸ್ವಂತ ದೇಶದ ರೈಲ್ವೆಗೆ ತನ್ನ ಊರಿನ ಗಿರಾಕಿಯ ಟಿಕೆಟ್ ದುಡ್ಡು ಪಾಸ್‌ನಲ್ಲಿ ಕರಗಿ ಹೋಗೋದು ಇಷ್ಟವಿಲ್ಲ, ಅದೇ ಈ ನಿಯಮದ ಬೇರು. ಇಲ್ಲದಿದ್ರೆ ಕೋಲ್ನ್‌ನಿಂದ ಬರ್ಲಿನ್‌ಗೆ ದಿನಾ ಆಫೀಸಿಗೆ ಹೋಗೋರೆಲ್ಲ ಮೂರು ತಿಂಗಳ ಪಾಸ್ ತಗೊಂಡು ಕೂರ್ತಿದ್ರು.

ತುಂಗಾತೀರ:
ಥ್ಯಾಂಕ್ಸ್. ಹಾಗಾದ್ರೆ ಕೋಲ್ನ್–ಪ್ಯಾರಿಸ್ ಔಟ್‌ಬೌಂಡ್, ವಿಯೆನ್ನಾ–ಕೋಲ್ನ್ ಇನ್‌ಬೌಂಡ್. ಮಧ್ಯದ ಪ್ಯಾರಿಸ್–ಪ್ರಾಗ್ ಏನಾಗುತ್ತೆ? ಜರ್ಮನಿಯಲ್ಲಿ ಇಳಿಯೋದೇ ಇಲ್ಲವಲ್ಲ, ಬರೀ ರೈಲು ಬದಲಾಯಿಸೋದು.

ಹಳಿಮೇಲೆ:
ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ರೈಲು ಬದಲಾಯಿಸೋಕೆ ಇಳಿದ್ರೂ ಜರ್ಮನಿಯ ಹಳಿ ಮೇಲೆ ನಿಮ್ಮ ಪಾಸ್‌ಗೆ ಕೋಟಾ ಬೇಕು. ನಿಯಮದ ಮಾತಿನಲ್ಲಿ ಹೇಳಿದ್ರೆ ಗಡಿಯಿಂದ ಒಳಗೆ ಬಂದಿದ್ದು ಒಂದು, ಒಳಗಿಂದ ಗಡಿಗೆ ಹೋಗಿದ್ದು ಇನ್ನೊಂದು. ಮೊದಲೇ ಔಟ್‌ಬೌಂಡ್ ಖರ್ಚಾಗಿದ್ರೆ ಇದಕ್ಕೆ ಉಳಿದಿಲ್ಲ.

ಎರಡನೇ ದರ್ಜೆ:
ಒಂದೇ ದಿನದಲ್ಲಿ ಹಾದು ಹೋದ್ರೆ ಒಂದೇ ಕಳೆಯಬೇಕು ಅಲ್ವಾ? ದಿನದ ಲೆಕ್ಕ ತಾನೇ ಅದು.

ಹಳಿಮೇಲೆ:
ವಾದಕ್ಕೆ ಚೆನ್ನಾಗಿದೆ. ಯೋಜನೆ ಹಾಕುವಾಗ ಮಾತ್ರ ಎರಡೂ ಹೋಯ್ತು ಅಂತಲೇ ಲೆಕ್ಕ ಹಾಕಿ, ಆಗ ಎಲ್ಲೂ ಸಿಕ್ಕಿಬೀಳಲ್ಲ. ಪಾಸ್ ಇಟ್ಕೊಳ್ಳೋ ರೈಲ್ ಪ್ಲಾನರ್ ಆ್ಯಪ್‌ನಲ್ಲಿ ‘ಮೈ ಟ್ರಿಪ್’ಗೆ ಪ್ರಯಾಣ ಸೇರಿಸಿದ ಮಾತ್ರಕ್ಕೆ ಏನೂ ಕಳೆಯಲ್ಲ. ಪಾಸ್‌ಗೆ ಜೋಡಿಸಿ ಟ್ರಾವೆಲ್ ಡೇ, ಅಂದ್ರೆ ಪಾಸ್‌ನಲ್ಲಿ ಓಡಾಡೋ ಒಂದು ದಿನ, ಚಾಲೂ ಮಾಡಿದಾಗಲೇ ದಿನ ಕಳೆಯೋದು. ಆ ದಿನ ಶುರುವಾಗೋ ಮುಂಚೆ ತೆಗೆದುಹಾಕಬಹುದು. ಶುರುವಾದ ಮೇಲೆ ಮನಸ್ಸು ಬದಲಾಯಿಸೋಕೆ ಹೋಗಬೇಡಿ.

ಕಡಲತಡಿ:
ಇಷ್ಟೆಲ್ಲ ಯಾಕೆ ಮಾರಾಯ್ರೆ, ಜರ್ಮನಿಯನ್ನು ಬಿಟ್ಟು ಸುತ್ತು ಹಾಕಿ. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಟಿಜಿವಿ ಲಿರಿಯಾ ಎಂಬ ವೇಗದ ರೈಲು ಉಂಟು, ನಾಲ್ಕು ಗಂಟೆ. ಜ್ಯೂರಿಕ್‌ನಿಂದ ವಿಯೆನ್ನಾಕ್ಕೆ ಆಸ್ಟ್ರಿಯಾದ ರೈಲ್‌ಜೆಟ್ ರೈಲು ನೇರ, ಹೆಚ್ಚುಕಡಿಮೆ ಎಂಟು ಗಂಟೆ. ಇನ್ಸ್‌ಬ್ರುಕ್ ಕಣಿವೆ ಹಗಲಲ್ಲಿ ನೋಡುವುದೇ ಒಂದು ಭಾಗ್ಯ. ವಿಯೆನ್ನಾದಿಂದ ಪ್ರಾಗ್‌ಗೆ ನಾಲ್ಕು ಗಂಟೆ. ಪ್ರಾಗ್‌ನಿಂದ ಕೋಲ್ನ್ ಇನ್‌ಬೌಂಡ್. ಊರುಗಳು ಅವೇ, ವಿಯೆನ್ನಾ ಮುಂಚೆ, ಪ್ರಾಗ್ ಆಮೇಲೆ. ಅಷ್ಟೇ ಬದಲು.

ಹಳಿಮೇಲೆ:
ಕಡಲತಡಿ ಹೇಳಿದ್ದು ಚಿನ್ನದಂಥ ಮಾತು. ಜರ್ಮನಿ ಮಧ್ಯದಲ್ಲಿ ಬರೋದೇ ಇಲ್ಲ.

ಎರಡನೇ ದರ್ಜೆ:
ತಪ್ಪು. ಆ ರೈಲ್‌ಜೆಟ್ ಕುಫ್‌ಸ್ಟೈನ್‌ನಿಂದ ಸಾಲ್ಜ್‌ಬರ್ಗ್‌ಗೆ ಹೋಗೋದೇ ಜರ್ಮನಿಯ ರೋಸೆನ್‌ಹೈಮ್ ಕಡೆಯಿಂದ. ನಕ್ಷೆ ನೋಡಿ.

ಹಳಿಮೇಲೆ:
ನಕ್ಷೆ ಸರಿ, ಲೆಕ್ಕ ತಪ್ಪು. ಅದಕ್ಕೆ ಜರ್ಮನ್ ಮೂಲೆ ಅಂತಲೇ ಹೆಸರಿದೆ. ಆಸ್ಟ್ರಿಯಾದ ಪೂರ್ವ ಪಶ್ಚಿಮ ರೈಲುಗಳು ಅಲ್ಲಿ ನಿಲ್ಲದೆ ಹಾದು ಹೋಗ್ತವೆ. ಸಾಲ್ಜ್‌ಬರ್ಗ್–ಇನ್ಸ್‌ಬ್ರುಕ್ ಟಿಕೆಟ್ ಆಸ್ಟ್ರಿಯಾದ ಒಳಪ್ರಯಾಣದ ದರದಲ್ಲೇ ಮಾರಾಟ ಆಗೋದು. ಹತ್ತಿದ್ದೂ ಇಳಿದಿದ್ದೂ ಆಸ್ಟ್ರಿಯಾದಲ್ಲಿ. ಅದೇ ಕುಫ್‌ಸ್ಟೈನ್‌ನಿಂದ ಲೋಕಲ್ ಹತ್ತಿ ರೋಸೆನ್‌ಹೈಮ್‌ನಲ್ಲಿ ಇಳಿದು ಬೇರೆ ರೈಲು ಹಿಡಿದ್ರೆ ಆಗ ಜರ್ಮನಿಯೇ.

ಬೆಣ್ಣೆದೋಸೆ:
ಎಂಟು ಗಂಟೆ ರೈಲು ಅಂದ್ರೆ ಪುಳಿಯೋಗರೆ ಕಟ್ಕೊಂಡು ಹೋಗಿ. ಊಟದ ಬೋಗಿಯ ಬೆಲೆ ನೋಡಿ ಅಪ್ಪ ಅಮ್ಮ ಉಪವಾಸ ಕೂರ್ತಾರೆ.

ಸಂಪಿಗೆ:
ಪುಳಿಯೋಗರೆ ಸರಿ, ಮೊಸರನ್ನ ಬೇಡ, ಜೂನ್ ಸೆಕೆಗೆ ಹುಳಿಯಾಗುತ್ತೆ 🙂

ಅಪ್ಪ ಅಮ್ಮಂದಿರ ಪಾಸ್ ಬಗ್ಗೆ ಯಾರೂ ಹೇಳಲಿಲ್ಲ. ಅವರು ವಾಸ ಇರೋದು ಭಾರತದಲ್ಲಿ, ಆದ್ದರಿಂದ ಯುರೇಲ್. 60 ದಾಟಿದ್ರೆ ಹಿರಿಯರ ದರ, ಶೇ 10 ಕಮ್ಮಿ. ಜರ್ಮನಿಯೊಳಗೆ ಅವರ ಟ್ರಾವೆಲ್ ಡೇ ಇರೋ ದಿನ ಎಷ್ಟು ರೈಲು ಬೇಕಾದ್ರೂ ಹತ್ತಬಹುದು. ಮಗನಿಗೆ ಎರಡೇ, ಅಪ್ಪನಿಗೆ ಲೆಕ್ಕವೇ ಇಲ್ಲ. ಮೂವರೂ ಹೈಡೆಲ್‌ಬರ್ಗ್ ನೋಡೋಕೆ ಒಟ್ಟಿಗೆ ಹೋದ ದಿನ ನೀವು ಬೇರೆ ಟಿಕೆಟ್ ತಗೋಬೇಕು.

ಮೊಬೈಲ್ ಪಾಸ್ ಒಂದು ಸಲಕ್ಕೆ ಒಂದೇ ಫೋನ್‌ನಲ್ಲಿ ಇರುತ್ತೆ. ಮೂವರದ್ದೂ ನಿಮ್ಮ ಫೋನಿಗೇ ಹಾಕಬಹುದು, ಆದರೆ ಆಗ ಮೂವರೂ ಒಂದೇ ರೈಲಲ್ಲಿ ಇರಬೇಕು. ಅಪ್ಪ ಅಮ್ಮ ಇಬ್ಬರೇ ಎಲ್ಲಾದ್ರೂ ಹೋಗೋದಿದ್ರೆ ಅವರ ಫೋನಿಗೇ ಹಾಕಿಕೊಡಿ, ಕ್ಯೂಆರ್ ತೆಗೆದು ತೋರಿಸೋದನ್ನ ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಸಿ. ಆ್ಯಪ್ ಆಗಾಗ ನೆಟ್ ಕೇಳುತ್ತೆ, ಆದ್ದರಿಂದ ಅವರಿಗೂ ಸಿಮ್ ಬೇಕು.

ಮಕ್ಕಳಿರೋರಿಗೆ: 4ರಿಂದ 11 ವಯಸ್ಸಿನವರಿಗೆ ಪಾಸ್ ಪುಕ್ಕಟೆ, ಒಬ್ಬ ದೊಡ್ಡವರ ಜೊತೆ ಇಬ್ಬರು ಮಕ್ಕಳು. ಪುಕ್ಕಟೆಯಾದ್ರೂ ಪಾಸ್ ಬೇಕೇ ಬೇಕು, ದೊಡ್ಡವರ ಪಾಸ್ ತಗೊಳ್ಳುವಾಗಲೇ ಸೇರಿಸಬೇಕು. ಸೀಟು ಕಾದಿರಿಸೋದು ಕಡ್ಡಾಯ ಇರೋ ರೈಲಲ್ಲಿ ಮಗುವಿಗೂ ಸೀಟಿನ ಹಣ.

ತುಂಗಾತೀರ:
ಸಂಪಿಗೆಯವರೇ, ಹೆಸರಿನ ವಿಷಯ ಒಂದಿದೆ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ.

ಸಂಪಿಗೆ:
ನಮ್ಮ ಕಡೆಯವರಿಗೆಲ್ಲ ಇದೇ ಕಥೆ. ಇನಿಷಿಯಲ್ ಬಿಡಿಸಿ ಹೊಸ ಸರ್‌ನೇಮ್ ಹುಟ್ಟಿಸಬೇಡಿ. ಪಾಸ್‌ಪೋರ್ಟ್‌ನಲ್ಲಿ ಇರೋ ಪದಗಳನ್ನೇ ಎರಡೂ ಜಾಗಕ್ಕೆ ಹೊಂದಿಸಿ. ಕೊಳ್ಳುವಾಗ ಸರ್‌ನೇಮ್ ಜಾಗದಲ್ಲಿ ಏನು ಹಾಕಿದ್ರೋ ಅದನ್ನ ಬರೆದಿಟ್ಕೊಳ್ಳಿ. ಆ್ಯಪ್‌ಗೆ ಪಾಸ್ ತುಂಬುವಾಗ ಪಾಸ್ ನಂಬರ್ ಜೊತೆ ಅದನ್ನೇ ಕೇಳೋದು, ಒಂದಕ್ಷರ ಬೇರೆ ಆದ್ರೂ ಪಾಸ್ ಸಿಗಲಿಲ್ಲ ಅನ್ನುತ್ತೆ.

ಆಖೆನ್ ವಿದ್ಯಾರ್ಥಿ:
ಒಂದು ಸಂಶಯ. ನಮ್ಮಂಥವರಿಗೆ ಡಾಯ್ಚ್‌ಲಾಂಡ್ ಟಿಕೆಟ್, ಅದೇ ಜರ್ಮನಿಯ ಲೋಕಲ್ ರೈಲುಗಳ ತಿಂಗಳ ಟಿಕೆಟ್, ಹೇಗೂ ಇರುತ್ತಲ್ಲ. ಬೆಲ್ಜಿಯಂ ಗಡಿಯ ಆಖೆನ್ ತನಕ ಅದರಲ್ಲೇ ಬಂದು, ಆಖೆನ್‌ನಿಂದ ಬ್ರಸೆಲ್ಸ್‌ಗೆ ಪಾಸ್ ಹಾಕಿದ್ರೆ ಔಟ್‌ಬೌಂಡ್ ಉಳಿಯುತ್ತಾ?

ಹಳಿಮೇಲೆ:
ಉಳಿಯಲ್ಲ! ಇದೇ ಎಲ್ಲರೂ ಎಡವೋ ಕಲ್ಲು. ಆಖೆನ್ ನಿಲ್ದಾಣ ಜರ್ಮನಿಯದ್ದು. ಪ್ರಯಾಣ ಅಲ್ಲಿಂದ ಶುರು ಅಂತ ಹಾಕಿದ ತಕ್ಷಣ ಔಟ್‌ಬೌಂಡ್ ಹೋಯ್ತು. ನಿಲ್ದಾಣದಿಂದ ಗಡಿಗೆ ನಾಲ್ಕು ಕಿಲೋಮೀಟರ್ ಇರಲಿ ನಾನೂರು ಇರಲಿ, ಬೆಲೆ ಒಂದೇ.

ಉಳಿಸಬೇಕು ಅಂದ್ರೆ ಪಾಸ್ ಶುರುವಾಗೋದು ಆಚೆ ದೇಶದ ಮೊದಲ ನಿಲ್ದಾಣದಿಂದ ಆಗಬೇಕು. ಆಖೆನ್‌ನಿಂದ ಬೆಲ್ಜಿಯಂನ ಲೋಕಲ್ ರೈಲು ವೆಲ್ಕೆನ್‌ರಾಟ್‌ಗೆ ಹೋಗುತ್ತೆ. ಅಷ್ಟಕ್ಕೆ ಮಾಮೂಲಿ ಟಿಕೆಟ್ ತಗೊಂಡು, ವೆಲ್ಕೆನ್‌ರಾಟ್‌ನಿಂದ ಪಾಸ್. ಮ್ಯೂನಿಕ್‌ನಿಂದ ಪ್ರಾಗ್ ಕಡೆ ಹೋಗೋರಿಗೂ ಹೀಗೇ: ಡಾಯ್ಚ್‌ಲಾಂಡ್ ಟಿಕೆಟ್ ಫುರ್ತ್ ಇಮ್ ವಾಲ್ಡ್ ತನಕ, ಅಲ್ಲಿಂದ ಚೆಕ್ ಕಡೆಯ ದೊಮಾಜ್ಲಿಟ್ಸೆ ತನಕ ಚಿಕ್ಕ ಟಿಕೆಟ್, ಆಮೇಲೆ ಪಾಸ್. ಒಂದೇ ರೈಲಲ್ಲಿ ಕೂತಲ್ಲೇ ಕೂತು ಮೂರು ಟಿಕೆಟ್ ತೋರಿಸಬೇಕು, ಅಷ್ಟೇ.

ಅದೃಷ್ಟ ಇರೋದು ಸಾಲ್ಜ್‌ಬರ್ಗ್, ಕುಫ್‌ಸ್ಟೈನ್ ಕಡೆಯವರಿಗೆ. ಈ ಎರಡು ನಿಲ್ದಾಣ ಆಸ್ಟ್ರಿಯಾದಲ್ಲಿದ್ರೂ ಡಾಯ್ಚ್‌ಲಾಂಡ್ ಟಿಕೆಟ್ ಅಲ್ಲಿ ತನಕ ನಡೆಯುತ್ತೆ. ಮ್ಯೂನಿಕ್‌ನಿಂದ ಪ್ರಾದೇಶಿಕ ರೈಲಲ್ಲಿ ಸಾಲ್ಜ್‌ಬರ್ಗ್‌ಗೆ ಎರಡು ಗಂಟೆಯ ಒಳಗೆ. ಇಳಿದು ವಿಯೆನ್ನಾ ರೈಲಿಗೆ ಪಾಸ್ ಹಾಕಿ. ರೈಲ್‌ಜೆಟ್ ಆದ್ರೂ ಸರಿ, ಖಾಸಗಿ ರೈಲು ವೆಸ್ಟ್‌ಬಾನ್ ಆದ್ರೂ ಸರಿ, ಎರಡರಲ್ಲೂ ಪಾಸ್ ನಡೆಯುತ್ತೆ. ಔಟ್‌ಬೌಂಡ್ ಮುಟ್ಟೋದೇ ಬೇಡ.

ಕಡಲತಡಿ:
ಬಾಸೆಲ್ ಕಡೆಯವರು ಜಾಗ್ರತೆ. ಬಾಸೆಲ್‌ನಲ್ಲಿ ಎರಡು ಸ್ಟೇಷನ್ ಉಂಟು. ಬಾಡಿಷರ್ ಬಾನ್‌ಹೋಫ್ ಇರುವುದು ಸ್ವಿಸ್ ನೆಲದಲ್ಲಿ, ನಡೆಸುವುದು ಜರ್ಮನ್ ರೈಲ್ವೆ, ದರವೂ ಜರ್ಮನ್. ಡಾಯ್ಚ್‌ಲಾಂಡ್ ಟಿಕೆಟ್ ಅಲ್ಲಿಯವರೆಗೆ ಮಾತ್ರ. ಸ್ವಿಸ್ ನೆಲವಲ್ಲವಾ ಎಂದು ಅಲ್ಲಿಂದಲೇ ಪಾಸ್ ಶುರು ಮಾಡುವ ಸಾಹಸ ಬೇಡ. 2ನೇ ನಂಬರ್ ಟ್ರ್ಯಾಮ್ ಹತ್ತಿ ಸ್ವಿಸ್ ರೈಲ್ವೆಯ ಬಾಸೆಲ್ ಎಸ್‌ಬಿಬಿ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಪಾಸ್. ಟ್ರ್ಯಾಮಿಗೆ ಪಾಸ್ ನಡೆಯುವುದಿಲ್ಲ, ಟಿಕೆಟ್ ತೆಗೆದುಕೊಳ್ಳಿ.

ಹುಬ್ಬಳ್ಳಿ ಮಂದಿ:
ಡಾಯ್ಚ್‌ಲಾಂಡ್ ಟಿಕೆಟ್ ಇಲ್ಲದಾವ್ರು ಇದಕ್ಕಂತನ ತಗೊಳ್ಳೂದಾದ್ರ ಲೆಕ್ಕ ಹಾಕ್ರಿ. 2023ರ ಮೇ ತಿಂಗಳದಾಗ 49 ಯೂರೋ ಇತ್ತು, 2025ಕ್ಕ 58 ಆತು, 2026ರ ಜನವರಿಯಿಂದ 63. ತಿಂಗಳ 10ನೇ ತಾರೀಖಿನೊಳಗ ರದ್ದು ಮಾಡ್ಲಿಲ್ಲಂದ್ರ ಮುಂದಿನ ತಿಂಗಳದ್ದೂ ಕೀಳ್ತಾರ. ಐಸಿಇ, ಐಸಿ, ಇಸಿ ಅನ್ನೂ ವೇಗದ ರೈಲಿನಾಗ ಸಾಮಾನ್ಯವಾಗಿ ನಡಿಯೂದಿಲ್ಲ. ಹ್ಯಾಂಬರ್ಗ್‌ನಿಂದ ಸಾಲ್ಜ್‌ಬರ್ಗ್ ತನಕ ಲೋಕಲ್‌ನಾಗ ಹೋಗ್ತೀನಿ ಅಂದ್ರ ಒಂದ್ ದಿನ ಪೂರಾ ಹೋಗತೈತಿ, ಸೊಂಟಾನೂ ಹೋಗತೈತಿ.

ಎರಡನೇ ದರ್ಜೆ:
ಅದನ್ನೇ ಹೇಳೋಕೆ ಬಂದೆ. ಈ ಉಳಿಸೋ ಹುಚ್ಚು ಅತಿಯಾಯ್ತು. ಔಟ್‌ಬೌಂಡ್ ಇರೋದು ಖರ್ಚು ಮಾಡೋಕೇ. ಗಡಿಗೆ ದೂರ ಇರೋರು, ಉದಾಹರಣೆಗೆ ಹ್ಯಾಂಬರ್ಗ್‌ನಿಂದ ಇಟಲಿಗೆ ಹೋಗೋರು, ಬೆಳಿಗ್ಗೆ ಐಸಿಇ ಹತ್ತಿ ಅದೇ ದಿನ ಇಟಲಿ ಗಡಿಯ ಬ್ರೆನ್ನರ್ ದಾಟಿದ್ರೆ ಪಾಸ್‌ನ ಆ ಒಂದು ದಿನದ ಬೆಲೆ ಪೂರ್ತಿ ಬಂತು. 4 ದಿನದ ಪಾಸ್ ದೊಡ್ಡವರಿಗೆ ಎರಡನೇ ದರ್ಜೆ 280 ಯೂರೋ ಆಸುಪಾಸು, ಅಂದ್ರೆ ದಿನಕ್ಕೆ 70. 7 ದಿನದ್ದು 380 ಆಸುಪಾಸು, ದಿನಕ್ಕೆ 54. ಮ್ಯೂನಿಕ್‌ನವನು ಸಾಲ್ಜ್‌ಬರ್ಗ್‌ಗೆ ಹೋಗೋಕೆ 70 ಯೂರೋ ದಿನ ಸುಟ್ಟರೆ ಅದು ದಡ್ಡತನ. ಹ್ಯಾಂಬರ್ಗ್‌ನವನು ಸುಡದೇ ಇದ್ರೆ ಅದು ದಡ್ಡತನ.

ಹಳಿಮೇಲೆ:
ಇದನ್ನ ಒಪ್ತೀನಿ. ಟಿಕೆಟ್ ತುಂಡು ಮಾಡೋದ್ರಲ್ಲಿ ಇನ್ನೊಂದು ಅಪಾಯ ಇದೆ. ಡಾಯ್ಚ್‌ಲಾಂಡ್ ಟಿಕೆಟ್ ಒಂದು ಕರಾರು, ಪಾಸ್ ಇನ್ನೊಂದು ಕರಾರು. ನಿಮ್ಮ ಲೋಕಲ್ ತಡವಾಗಿ ಸಾಲ್ಜ್‌ಬರ್ಗ್‌ನಲ್ಲಿ ರಾತ್ರಿ ರೈಲು ತಪ್ಪಿದ್ರೆ, ಬರ್ತ್‌ಗೆ ಕೊಟ್ಟ ದುಡ್ಡು ಹೋಯ್ತು. ನೀವು ಬೇರೆ ಟಿಕೆಟ್‌ನಲ್ಲಿ ಬಂದ್ರಿ, ನಮಗೇನು ಸಂಬಂಧ ಅಂತಾರೆ. ವಾಪಸ್ ಬರುವಾಗ ಜರ್ಮನಿಯ ಗಡಿ ನಿಲ್ದಾಣ ಫ್ರೈಲಾಸಿಂಗ್‌ನಲ್ಲಿ ಪೊಲೀಸರು ರೈಲು ನಿಲ್ಲಿಸಿ ತಪಾಸಣೆ ಮಾಡೋದೂ ಇದೆ. ಸೀಟು ಕಡ್ಡಾಯ ಇರೋ ರೈಲು ಮುಂದೆ ಇದ್ರೆ ಕನಿಷ್ಠ ಒಂದು ಗಂಟೆ ಬಿಟ್ಟುಕೊಳ್ಳಿ, ರಾತ್ರಿ ರೈಲಾದ್ರೆ ಎರಡು.

ಲಂಡನ್ ಲಗೇಜು:
ಬ್ರಿಟನ್‌ನಲ್ಲಿ ಇರೋರಿಗೂ ಇದೇ ನಿಯಮ. ಬ್ರೆಕ್ಸಿಟ್ ಆದ್ರೂ ಇಂಟರ್‌ರೈಲ್ ಬಿಟ್ಟಿಲ್ಲ. ಎಡಿನ್‌ಬರೋದಿಂದ ಲಂಡನ್‌ಗೆ ಬಂದು ಅದೇ ದಿನ ಸೇಂಟ್ ಪ್ಯಾಂಕ್ರಸ್‌ನಿಂದ ಯೂರೋಪಿಗೆ ಹೋಗೋ ಯೂರೋಸ್ಟಾರ್ ರೈಲು ಹಿಡಿದ್ರೆ ಒಂದೇ ಔಟ್‌ಬೌಂಡ್. ಕಿಂಗ್ಸ್ ಕ್ರಾಸ್‌ಗೆ ಬಂದಿಳಿದ್ರೆ ಸೇಂಟ್ ಪ್ಯಾಂಕ್ರಸ್ ರಸ್ತೆ ದಾಟಿದ್ರೆ ಸಿಕ್ತು. ಯೂಸ್ಟನ್‌ಗೆ ಬಂದ್ರೆ ಹತ್ತು ನಿಮಿಷ ನಡಿಗೆ. ಟ್ಯೂಬ್‌ನಲ್ಲಿ ಪಾಸ್ ನಡೆಯಲ್ಲ.

ತೊಂದರೆ ಬೇರೆ ಕಡೆ ಇದೆ. ಯೂರೋಸ್ಟಾರ್‌ನಲ್ಲಿ ಪಾಸ್‌ನವರಿಗೆ ಸೀಟು ಎಣಿಸಿಟ್ಟಷ್ಟು. ಮೊದಲು ಸೀಟು ಇದೆಯಾ ನೋಡಿ, ಆಮೇಲೆ ಪಾಸ್ ತಗೊಳ್ಳಿ, ಉಲ್ಟಾ ಮಾಡಬೇಡಿ. ಭಾರತದ ಪಾಸ್‌ಪೋರ್ಟ್ ಇದ್ರೆ ಷೆಂಗೆನ್ ವೀಸಾ ಬೇಕು ಅನ್ನೋದು ಹೇಳಬೇಕಾಗಿಲ್ಲ. ವಾಸದ ಪುರಾವೆಗೆ ಬ್ರಿಟನ್‌ನ ರೆಸಿಡೆನ್ಸ್ ಪರ್ಮಿಟ್ ಆಗಿದ್ದ ಹಳೇ ಬಿಆರ್‌ಪಿ ಕಾರ್ಡ್ ತೋರಿಸೋ ಕಾಲ ಹೋಯ್ತು, ಅವು 2024ರ ಕೊನೆಗೇ ಮುಗಿದ್ವು. ಇ-ವೀಸಾ ಪುಟದ ಪ್ರತಿ ತೆಗೆದಿಟ್ಕೊಳ್ಳಿ.

ತುಂಗಾತೀರ:
ಕೋಲ್ನ್–ಪ್ಯಾರಿಸ್ ಕೂಡ ಯೂರೋಸ್ಟಾರೇ ಅಲ್ವಾ? ಸೀಟು ಸಿಗದಿದ್ರೆ?

ಲಂಡನ್ ಲಗೇಜು:
ಹೌದು, ಮೊದಲು ಥಾಲಿಸ್ ಅಂತ ಹೆಸರಿದ್ದ ರೈಲು. ಪಾಸ್ ಇದ್ರೂ ಸೀಟಿಗೆ ಬೇರೆ ದುಡ್ಡು, ಅದೂ ಖಾಲಿ ಇದ್ರೆ ಮಾತ್ರ.

ಹಳಿಮೇಲೆ:
ಸಿಗದಿದ್ರೆ ಕೋಲ್ನ್‌ನಿಂದ ಬ್ರಸೆಲ್ಸ್‌ಗೆ ಐಸಿಇ ಇದೆ, ಅದಕ್ಕೆ ಸಾಮಾನ್ಯವಾಗಿ ಸೀಟು ಕಡ್ಡಾಯ ಇಲ್ಲ. ಬ್ರಸೆಲ್ಸ್‌ನಿಂದ ಲೀಲ್, ಲೀಲ್‌ನಿಂದ ಪ್ಯಾರಿಸ್‌ಗೆ ಟಿಜಿವಿ ಅಥವಾ ಪ್ರಾದೇಶಿಕ ಟಿಇಆರ್. ಟಿಜಿವಿಗೆ ಸೀಟು ಕಡ್ಡಾಯ, ಟಿಇಆರ್‌ಗೆ ಇಲ್ಲ. ಊಯ್‌ಗೋ ಅಂತ ಗುಲಾಬಿ ಬಣ್ಣದ ಅಗ್ಗದ ರೈಲು ಕಾಣಿಸುತ್ತೆ, ಅದರಲ್ಲಿ ಪಾಸ್ ನಡೆಯಲ್ಲ. ಜರ್ಮನಿಯಲ್ಲಿ ಹಸಿರು ಫ್ಲಿಕ್ಸ್‌ಟ್ರೇನ್ ಕೂಡ ಹಾಗೇ.

ಜರ್ಮನಿಯೊಳಗಿನ ಐಸಿಇಗೆ ಸೀಟು ಕಡ್ಡಾಯ ಇಲ್ಲ ಅಂತ ಸುಮ್ನಿರಬೇಡಿ, ವಯಸ್ಸಾದವರು ಜೊತೆಗಿದ್ದಾರೆ. ಜರ್ಮನ್ ರೈಲ್ವೆಯ ಡಿಬಿ ಆ್ಯಪ್‌ನಲ್ಲಿ ಟಿಕೆಟ್ ಇಲ್ಲದೆ ಸೀಟು ಮಾತ್ರ ಕಾದಿರಿಸೋ ಆಯ್ಕೆ ಇದೆ, ಒಬ್ಬರಿಗೆ ಐದು ಯೂರೋ ಚಿಲ್ಲರೆ.

ಬೆಣ್ಣೆದೋಸೆ:
ನಮ್ಮ ರೈಲ್ವೆಯಲ್ಲಿ ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತ ಇದೆ, ಎಂಟು ಕಡೆ ಇಳಿದು ಹತ್ತಬಹುದು, ಸ್ವಂತ ದೇಶ ಅಂತ ಯಾರೂ ಬಾಗಿಲು ಹಾಕಲ್ಲ. ಅದರ ಮುಂದೆ ಇವರ ಪಾಸ್ ಏನು ಮಹಾ.

ಟೈಮ್‌ಟೇಬಲ್ ತಾತ:
ಅದಕ್ಕೂ ರಿಸರ್ವೇಶನ್ ಬೇರೆ ಮಾಡಿಸಬೇಕು ತಮ್ಮಾ, ದಾರಿಯನ್ನೂ ಮೊದಲೇ ಬರೆದುಕೊಡಬೇಕು. ನಮ್ಮಲ್ಲೂ ವಿದೇಶಿಯರಿಗೆ, ಅನಿವಾಸಿಗಳಿಗೆ ಅಂತ ಇಂಡ್‌ರೈಲ್ ಪಾಸ್ ಇತ್ತು, ನಿಂತುಹೋಯಿತು. ಊರಲ್ಲಿ ಇರೋರಿಗೆ ಅದನ್ನೂ ಕೊಡ್ತಿರಲಿಲ್ಲ. ಬಾಗಿಲು ಎಲ್ಲ ಕಡೆನೂ ಇದ್ದದ್ದೇ.

ಆಖೆನ್ ವಿದ್ಯಾರ್ಥಿ:
ವಿಯೆನ್ನಾದಿಂದ ಕೋಲ್ನ್‌ಗೆ ನೈಟ್‌ಜೆಟ್ ಅನ್ನೋ ರಾತ್ರಿ ರೈಲು ಇದೆಯಲ್ಲ, ಅದನ್ನ ಹಿಡಿದ್ರೆ ಹೋಟೆಲ್ ಖರ್ಚೂ ಉಳಿಯುತ್ತೆ. ಎರಡು ದಿನ ಕಳೆಯುತ್ತಾ ಒಂದಾ?

ಹಳಿಮೇಲೆ:
ಒಂದೇ. ನಡುರಾತ್ರಿಗೆ ಮುಂಚೆ ಹತ್ತಿ, ಮಧ್ಯೆ ಬದಲಾಯಿಸದೆ ಇಳಿದ್ರೆ ಹತ್ತಿದ ದಿನ ಮಾತ್ರ ಲೆಕ್ಕ. ಹಳೇ ಬ್ಲಾಗ್‌ಗಳಲ್ಲಿ ಸಂಜೆ 7 ಗಂಟೆ ನಿಯಮ ಅಂತ ಇರುತ್ತೆ, ಅದನ್ನ ಮರೆತುಬಿಡಿ.

ಆದ್ರೆ ಸ್ವಂತ ದೇಶಕ್ಕೆ ಮರಳೋರಿಗೆ ಇಲ್ಲೊಂದು ಗುಂಡಿ ಇದೆ. ಇನ್‌ಬೌಂಡ್ ಬಳಕೆಯಾದದ್ದು ವಿಯೆನ್ನಾದಲ್ಲಿ ಹತ್ತಿದ ದಿನ. ಬೆಳಿಗ್ಗೆ ಕೋಲ್ನ್‌ನಲ್ಲಿ ಇಳಿದಾಗ ತಾರೀಖು ಬದಲಾಗಿದೆ. ಅಲ್ಲಿಂದ ಮನೆ ಕಡೆ ಹೋಗೋ ಲೋಕಲ್ ರೈಲು ಎಸ್-ಬಾನ್‌ಗೆ ಇನ್ನೊಂದು ಟ್ರಾವೆಲ್ ಡೇ ಬೇಕು, ಅದಿದ್ರೂ ಇನ್‌ಬೌಂಡ್ ಮುಗಿದಿದೆ. ಎಸ್-ಬಾನ್‌ಗೆ ಟಿಕೆಟ್ ತಗೊಂಡೇ ಹತ್ತಿ. ಕೋಲ್ನ್‌ನವರಿಗೆ ನಾಲ್ಕು ಕಾಸಿನ ಮಾತು. ಅದೇ ರೈಲಲ್ಲಿ ಇಳಿದು ಬ್ರೆಮೆನ್‌ಗೆ ಹೋಗೋರಿಗೆ ದೊಡ್ಡ ಮೊತ್ತ. ಹೋಗುವಾಗ ಈ ತೊಂದರೆ ಇಲ್ಲ, ಬ್ರೆಮೆನ್‌ನಿಂದ ಕೋಲ್ನ್‌ಗೆ ಬಂದು ಅದೇ ರಾತ್ರಿ ನೈಟ್‌ಜೆಟ್ ಹತ್ತಿದ್ರೆ ಎಲ್ಲ ಒಂದೇ ಔಟ್‌ಬೌಂಡ್.

ಬರ್ತ್ ಕಾದಿರಿಸೋದು ಆಸ್ಟ್ರಿಯಾದ ರೈಲ್ವೆ ಓಬಿಬಿಯ ವೆಬ್ ತಾಣದಲ್ಲಿ. ಪ್ರಯಾಣಿಕರ ವಿವರದಲ್ಲಿ ರಿಯಾಯಿತಿ ಕಾರ್ಡ್ ಅಂತ ಇರೋ ಕಡೆ ಇಂಟರ್‌ರೈಲ್ ಆರಿಸಿ, ಅಪ್ಪ ಅಮ್ಮನಿಗೆ ಯುರೇಲ್. ಪ್ಯಾರಿಸ್–ವಿಯೆನ್ನಾ ನೈಟ್‌ಜೆಟ್ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅದು 2025ರ ಡಿಸೆಂಬರ್‌ನಲ್ಲಿ ನಿಂತಿತು.

ಕಡಲತಡಿ:
ಟಿಟಿ ಬಂದಾಗ ಏನು ನೋಡ್ತಾರೆ ಎಂಬುದನ್ನೂ ಹೇಳಿ ಮಾರಾಯ್ರೆ. ಅಲ್ಲೇ ತುಂಬಾ ಜನ ಪೇಚಾಡುವುದು.

ಹಳಿಮೇಲೆ:
ಆ ದಿನದ ಕ್ಯೂಆರ್, ನೀವು ಕೂತಿರೋ ರೈಲು ಆ ದಿನದ ಪಟ್ಟಿಯಲ್ಲಿ ಇದೆಯಾ ಅನ್ನೋದು, ಕೇಳಿದ್ರೆ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್. ರೈಲನ್ನ ಹತ್ತೋ ಮುಂಚೆ ಸೇರಿಸಬೇಕು, ಟಿಟಿ ಬಾಗಿಲಲ್ಲಿ ಕಂಡ ಮೇಲೆ ಅಲ್ಲ. ಒಂದು ರೈಲು ರದ್ದಾಗಿ ಮುಂದಿನದು ಹತ್ತಿದ್ರೆ ಹಳೇದನ್ನ ತೆಗೆದು ಹೊಸದನ್ನ ಹಾಕಿ. ಜರ್ಮನಿಯಲ್ಲಿ ಹಳಿ ದುರಸ್ತಿಗೆ ಬದಲಿ ರೈಲು ಬಿಡೋದು ಈಗ ಮಾಮೂಲು, 2026ರಲ್ಲಿ ನ್ಯೂರ್ನ್‌ಬರ್ಗ್–ರೆಗೆನ್ಸ್‌ಬರ್ಗ್, ಪಾಸಾವ್ ಕಡೆ ದೊಡ್ಡ ಕೆಲಸವೇ ಇದೆ. ಅಂಥ ರೈಲು ರೈಲ್ ಪ್ಲಾನರ್‌ನ ವೇಳಾಪಟ್ಟಿಯಲ್ಲಿ ಸಿಗದೇ ಇದ್ರೆ ಕೈಯಾರೆ ತುಂಬಿಸೋ ಆಯ್ಕೆ ಇದೆ. ವೇಳೆಯನ್ನ ಡಿಬಿ ಆ್ಯಪ್‌ನಲ್ಲಿ ನೋಡಿ, ರೈಲ್ ಪ್ಲಾನರ್ ಬರೀ ಟಿಕೆಟ್ ತೋರಿಸೋಕೆ.

ಎರಡನೇ ದರ್ಜೆ:
ರೆಸಿಡೆನ್ಸ್ ಕಾರ್ಡ್ ನವೀಕರಣಕ್ಕೆ ಕೊಟ್ಟು, ಅಲ್ಲಿ ತನಕ ಕೊಡೋ ತಾತ್ಕಾಲಿಕ ಫಿಕ್ಷನ್ ಪತ್ರ ಮಾತ್ರ ಕೈಯಲ್ಲಿ ಇರೋರು ಪಾಸ್ ಕೊಳ್ಳೋ ಮುಂಚೆ ಆ ಪತ್ರದ ಕಲಂ ನೋಡಿ. ಜರ್ಮನಿಯ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಂಗೆ ಗುರುತು ಇದ್ರೆ ಹೋಗಿ ಬರಬಹುದು. 3ಕ್ಕೆ ಇದ್ರೆ ಹೊರಗೆ ಹೋದ್ರೆ ಮರಳೋದು ಕಷ್ಟ. 2024ರ ಸೆಪ್ಟೆಂಬರ್‌ನಿಂದ ಜರ್ಮನಿಯ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಇದೆ. ಇನ್‌ಬೌಂಡ್ ಇದ್ದು ಏನು ಪ್ರಯೋಜನ, ಒಳಗೇ ಬಿಡದಿದ್ರೆ.

ಸಂಪಿಗೆ:
ಪಾಸ್ ಈಗಲೇ ಕೊಳ್ಳೋ ಅವಸರ ಇಲ್ಲ ತುಂಗಾತೀರ. ವರ್ಷದ ಕೊನೆಯ ರಿಯಾಯಿತಿ ಮಾರಾಟದಲ್ಲಿ ಕೊಂಡು ಬೇಸಿಗೆಗೆ ಬಳಸೋರು ಬಹಳ, ಯಾಕಂದ್ರೆ ಕೊಂಡ 11 ತಿಂಗಳೊಳಗೆ ಚಾಲೂ ಮಾಡಿದ್ರೆ ಸಾಕು. ಈ ಸಲ ಅದು ತಪ್ಪಿದ್ರೂ ಸೀಟುಗಳು ನೋಡಿಕೊಂಡೇ ಕೊಳ್ಳಿ.

ತುಂಗಾತೀರ:
ಎಲ್ಲರಿಗೂ ಶರಣು. ಕಡಲತಡಿ ಹೇಳಿದ ಸುತ್ತೇ ಗಟ್ಟಿ ಮಾಡಿದೆ. ಕೋಲ್ನ್–ಪ್ಯಾರಿಸ್ ಔಟ್‌ಬೌಂಡ್, ಪ್ಯಾರಿಸ್–ಜ್ಯೂರಿಕ್, ಜ್ಯೂರಿಕ್–ಇನ್ಸ್‌ಬ್ರುಕ್, ಇನ್ಸ್‌ಬ್ರುಕ್–ವಿಯೆನ್ನಾ, ವಿಯೆನ್ನಾ–ಪ್ರಾಗ್, ಪ್ರಾಗ್–ಕೋಲ್ನ್ ಇನ್‌ಬೌಂಡ್. ಆರು ದಿನ. 7 ದಿನದ ಪಾಸ್ ಸರಿಹೋಯ್ತು, ಒಂದು ಕೈಯಲ್ಲಿ ಉಳಿಯುತ್ತೆ.

ಎರಡನೇ ದರ್ಜೆ:
ಉಳಿದ ಒಂದು ದಿನ ಜರ್ಮನಿಯಲ್ಲಿ ನಿಮಗೆ ನಡೆಯಲ್ಲ ಅನ್ನೋದು ನೆನಪಿರಲಿ. ಇನ್ಸ್‌ಬ್ರುಕ್‌ನಲ್ಲಿ ಇಳಿಯದೆ ಜ್ಯೂರಿಕ್‌ನಿಂದ ವಿಯೆನ್ನಾ ನೇರ ಹೋದ್ರೆ ಐದೇ ದಿನ, 5 ದಿನದ ಪಾಸ್ ಸಾಕು. ಒಬ್ಬರಿಗೆ 60 ಯೂರೋ ಉಳಿತಾಯ.

ಕಡಲತಡಿ:
60 ಯೂರೋಗೆ ಇನ್ಸ್‌ಬ್ರುಕ್ ಬಿಡುವುದಾ? ಅಪ್ಪ ಅಮ್ಮನನ್ನು ಎಂಟು ಗಂಟೆ ಕೂರಿಸಬೇಡಿ.

ತುಂಗಾತೀರ:
ಇನ್ಸ್‌ಬ್ರುಕ್ ಇರಲಿ. ಉಳಿದ ದಿನ ಸ್ವಿಟ್ಜರ್ಲೆಂಡ್‌ನಲ್ಲಿ ಲುಸರ್ನ್‌ಗೆ ಹೋಗಿ ಬರ್ತೀವಿ.

ಲಂಡನ್ ಲಗೇಜು:
ಪ್ಯಾರಿಸ್‌ನಲ್ಲಿ ನೀವು ಬಂದಿಳಿಯೋದು ಗಾರ್ ದು ನೋರ್. ಜ್ಯೂರಿಕ್ ರೈಲು ಹೊರಡೋದು ಗಾರ್ ದ ಲಿಯೋನ್‌ನಿಂದ. ಅವತ್ತು ಬೆಳಿಗ್ಗೆ ಹೋಟೆಲ್‌ನಿಂದ ಹೊರಡುವಾಗ ಮೆಟ್ರೊಗೆ ಬೇರೆ ಟಿಕೆಟ್, ಸಮಯವೂ ಇಟ್ಕೊಳ್ಳಿ. ಲಿರಿಯಾದ ಸೀಟು ಈಗಲೇ ನೋಡಿ, ಜೂನ್‌ದು ಬೇಗ ತುಂಬುತ್ತೆ.